ಆ ಮನೆಗೆ ಮಗು ನೋಡಲು ಹೋಗುವ ಮುಂಚೆ

"ಅಕ್ಕಾ, ನಮ್ಮ ನಾದಿನಿ ಮಗಳಿಗೆ ಹೆರಿಗೆ ಆಯ್ತು. ಮಗೂಗೆ ಎರಡು ಪಾದಾನೂ ಒಳಕ್ಕೆ ತಿರುಗಿವೆಯಂತೆ. ನೋಡ್ಕೊಂಡು ಬರಬೇಕು. ಹೋಗಿ ಏನು ಮಾತಾಡ್ಲಿ, ಹೇಳು."

ಇಂಥ ಫೋನು ನನಗೆ ಎರಡು ಮೂರು ತಿಂಗಳಿಗೊಂದಾದರೂ ಬರುತ್ತದೆ. ಶಿರಾ ಸೀಮೆಯ ಹಳ್ಳಿಗಳಲ್ಲಿ 36 ವರ್ಷ ಎಎನ್‌ಎಂ ಆಗಿದ್ದವಳು ನಾನು. ಇಲಾಖೆಯ ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಊರವರ ಬಾಯಲ್ಲಿ ನರ್ಸಮ್ಮ. 1986ರಲ್ಲಿ ಕೆಲಸಕ್ಕೆ ಸೇರಿದಾಗ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಅಂಥ ಮನೆಗೆ ಹೋಗುತ್ತಲೇ ಇರಲಿಲ್ಲ. ಹೋದರೂ ಸಾವಿನ ಮನೆಯಲ್ಲಿ ಕೂತ ಹಾಗೆ ಗೋಡೆಗೊರಗಿ ಕೂತು, ತಾಂಬೂಲವನ್ನೂ ತೆಗೆದುಕೊಳ್ಳದೆ ಎದ್ದು ಬರುತ್ತಿದ್ದರು. ಈಗ ಏನು ಮಾತಾಡಲಿ ಅಂತ ಕೇಳಿಕೊಂಡು ಹೋಗುತ್ತಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಒಂದು ಸಲ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಮೊದಲು ಕೈಚೀಲ

ಬೇರೆ ಬಾಣಂತಿಗೆ ಏನು ಒಯ್ಯುತ್ತೀರೋ ಇವಳಿಗೂ ಅದನ್ನೇ ಒಯ್ಯಿರಿ. ಒಣಕೊಬ್ಬರಿ, ಬೆಲ್ಲ, ಬೆಳ್ಳುಳ್ಳಿ, ಅಂಟು, ಒಣಶುಂಠಿ. ಮಗುವಿಗೆ ಕುಲಾವಿ, ಮೆತ್ತನೆ ಬಟ್ಟೆ. ಕುಲಾವಿಯನ್ನಂತೂ ಮರೆಯಬೇಡಿ. "ಈ ಮಗೂಗೆ ಯಾರೂ ಒಂದು ಟೋಪಿ ಕೂಡ ತರಲಿಲ್ಲ ಸಿಸ್ಟರ್" ಅಂತ ಒಬ್ಬಳು ನನ್ನ ಹತ್ತಿರ ಅತ್ತಿದ್ದಳು. ಬಂದವರೆಲ್ಲ ಹಾರ್ಲಿಕ್ಸ್ ಬಾಟಲಿ ಹಿಡಿದು ಬಂದಿದ್ದರಂತೆ, ರೋಗಿ ನೋಡಲು ಬಂದ ಹಾಗೆ.

ತಾಯಿತ ಬೇಡ, ಜೋಯಿಸರ ನಂಬರೂ ಬೇಡ. ಯಾವುದೋ ಊರಲ್ಲಿ ಮಗುವಿನ ಬೆನ್ನಿಗೆ ಬರೆ ಹಾಕಿ ವಾಸಿ ಮಾಡುತ್ತಾರೆ ಅನ್ನೋ ಸುದ್ದಿಯನ್ನಂತೂ ಬಾಯಲ್ಲೇ ನುಂಗಿಕೊಳ್ಳಿ. ಬರೆ ಹಾಕಿಸಿಕೊಂಡ ಹಸುಗೂಸುಗಳಿಗೆ ಮುಲಾಮು ಹಚ್ಚಿದವಳು ನಾನು.

ಹೋದ ತಕ್ಷಣ ಸೋಪು ಹಾಕಿ ಕೈ ತೊಳೆದು, ಮಗುವನ್ನು ಎತ್ತಿಕೊಳ್ಳಿ. ಇಷ್ಟುದ್ದ ಬರೆಯುತ್ತಿದ್ದೇನೆ, ಇದೊಂದನ್ನೇ ಮಾಡಿ ಬಂದರೂ ಸಾಕು. ತಾಯಿ ನಿಮ್ಮ ಬಾಯನ್ನಲ್ಲ, ಕೈಯನ್ನೇ ನೋಡುತ್ತಿರುತ್ತಾಳೆ. ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬುದ್ಧಿ, ಬೆಳವಣಿಗೆ ನಿಧಾನವಾಗುವ ತೊಂದರೆ ಇರುವ ಮಗುವಿನ ಮೈ ಸಡಿಲ, ಜಾರಿದ ಹಾಗಾಗುತ್ತದೆ. ಒಂದು ಕೈ ಕತ್ತಿನಡಿ, ಇನ್ನೊಂದು ಕೈ ಕುಂಡೆಯಡಿ ಗಟ್ಟಿಯಾಗಿ ಕೊಡಿ. ತುಟಿ ಸೀಳಿರುವ ಮಗುವನ್ನು ನೆಟ್ಟಗೆ ಹಿಡಿಯಿರಿ. ಕಾಲಿಗೆ ಪ್ಲಾಸ್ಟರ್ ಹಾಕಿದ್ದರೆ ಕಾಲನ್ನು ಜೋತುಬಿಡಬೇಡಿ, ಪ್ಲಾಸ್ಟರಿನ ಭಾರ ನಿಮ್ಮ ಮುಂಗೈ ಮೇಲಿರಲಿ. ಬೆನ್ನಿನ ಆಪರೇಷನ್ ಆಗಿದ್ದರೆ ಹೇಗೆ ಎತ್ತಿಕೊಳ್ಳಬೇಕು ಅಂತ ತಾಯಿಯನ್ನೇ ಕೇಳಿ. ಎತ್ತಿಕೊಂಡ ಮೇಲೆ ಎಲ್ಲ ಮಕ್ಕಳಿಗೂ ಕೇಳುವ ಮಾತು ಕೇಳಿ: ಎಷ್ಟು ತೂಕ ಹುಟ್ಟಿತು, ರಾತ್ರಿ ನಿದ್ದೆ ಮಾಡುತ್ತಾ, ಮೂಗು ಯಾರ ಥರ.

"ಯಾಕೆ ಹೀಗಾಯ್ತು?"

ಈ ಮಾತು ಕೇಳಲೇಬೇಡಿ. ಮೊದಲಿನಿಂದಲೂ ನಮ್ಮವರು ಕೇಳಿಕೊಂಡು ಬಂದಿರೋದು ಇದನ್ನೇ, ಉತ್ತರ ಹೋಗಿ ನಿಲ್ಲೋದು ತಾಯಿಯ ತಲೆ ಮೇಲೇ. ತುಟಿ ಸೀಳಿದ್ದರೆ ಗ್ರಹಣದ ಹೊತ್ತಲ್ಲಿ ಈಳಿಗೆ ಮಣೆ ಮುಟ್ಟಿದ್ದಳು. ಕಾಲು ಸೊಟ್ಟಗಿದ್ದರೆ ಹೊಸ್ತಿಲ ಮೇಲೆ ಕಾಲು ಮಡಚಿ ಕೂತಿದ್ದಳು. ಮಹಾಭಾರತದ ಕಥೆಯಲ್ಲೂ ಅಷ್ಟೇ ನೋಡಿ. ವ್ಯಾಸರನ್ನು ಕಂಡು ಅಂಬಿಕೆ ಕಣ್ಣು ಮುಚ್ಚಿದಳು, ಧೃತರಾಷ್ಟ್ರ ಕುರುಡನಾದ. ಅಂಬಾಲಿಕೆ ಬಿಳಿಚಿಕೊಂಡಳು, ಪಾಂಡು ಬಿಳಿಚಿಕೊಂಡೇ ಹುಟ್ಟಿದ. ಅಪ್ಪನ ಶಾಪದಿಂದ ಎಂಟು ಕಡೆ ಸೊಟ್ಟಗಾಗಿ ಹುಟ್ಟಿದ ಅಷ್ಟಾವಕ್ರನ ಕಥೆಯೂ ಅದರಲ್ಲೇ ಇದೆ. ಆದರೆ ಅದನ್ನು ಬಾಣಂತಿ ಕೋಣೆಯಲ್ಲಿ ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಈಗ ಗ್ರಹಣದ ಮಾತು ಕಮ್ಮಿಯಾಗಿದೆ. ಅದರ ಜಾಗಕ್ಕೆ ಇನ್ನೊಂದು ಬಂದಿದೆ: "ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಲಿಲ್ವಾ?" ಪ್ಯಾಂಟು ಶರಟು ಹಾಕಿಕೊಂಡು ಬಂದ ಗ್ರಹಣ ಅದು, ಬೇರೇನಲ್ಲ. 18ರಿಂದ 20 ವಾರದ ಸ್ಕ್ಯಾನಿನಲ್ಲಿ ಎಷ್ಟೋ ಕಾಣುತ್ತದೆ, ಎಲ್ಲವೂ ಕಾಣುವುದಿಲ್ಲ. ಕಿವಿ ಕೇಳಿಸುತ್ತೋ ಇಲ್ಲವೋ ಅನ್ನೋದು ಯಾವ ಸ್ಕ್ಯಾನಿನಲ್ಲೂ ಕಾಣದು. ಇನ್ನು "ಮೊದಲೇ ಗೊತ್ತಾಗಿದ್ರೆ ತೆಗೆಸಿಬಿಡಬಹುದಿತ್ತು" ಅನ್ನುವವರೂ ಇದ್ದಾರೆ, ಮಗು ತೊಡೆ ಮೇಲೆ ಮಲಗಿ ಕಣ್ಣು ಪಿಳುಕಿಸುತ್ತಿರುವಾಗಲೇ. ಬಸುರಿನಲ್ಲಿ ಅಂಥ ದೊಡ್ಡ ತೊಂದರೆ ಕಂಡರೆ ಏನು ಮಾಡಬೇಕು ಅನ್ನೋದಕ್ಕೆ ಕಾನೂನಿದೆ, 2021ರ ತಿದ್ದುಪಡಿಯಲ್ಲಿ ವೈದ್ಯರ ಮಂಡಳಿ ನೋಡಿ ತೀರ್ಮಾನಿಸುವ ದಾರಿಯೂ ಇದೆ. ಅದು ಆ ಹೆಣ್ಣುಮಗಳು ಡಾಕ್ಟರ ಹತ್ತಿರ ಕೂತು ಮಾತಾಡಬೇಕಾದ ವಿಷಯ. ಮಗು ಹುಟ್ಟಿದ ಮೇಲೆ ಬೀಗಿತ್ತಿಯರು ಕಾಫಿ ಕುಡಿಯುತ್ತಾ ಆಡುವ ಮಾತಲ್ಲ.

ಮೂರನೆಯದು ನಮ್ಮ ಕಡೆಯ ಖಾಸಾ ಮಾತು: "ಸೋದರಮಾವನಿಗೇ ಕೊಟ್ಟರಲ್ಲ, ಅದಕ್ಕೇ." ಇದನ್ನು ಆಡುವವರು ಸಾಮಾನ್ಯವಾಗಿ ಆ ಮದುವೆಯ ಚಪ್ಪರದಡಿ ಎರಡು ಸಲ ಪಾಯಸ ಬಡಿಸಿಕೊಂಡವರೇ. ರಕ್ತಸಂಬಂಧದಲ್ಲಿ ಮದುವೆಯಾದರೆ ಕೆಲವು ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ, ನಿಜ. ಚಿಕ್ಕಪ್ಪ ದೊಡ್ಡಪ್ಪ, ಅತ್ತೆ ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಹುಟ್ಟುದೋಷದ ಅಪಾಯ ಹೆಚ್ಚುಕಮ್ಮಿ ಎರಡರಷ್ಟು. ಹಾಗಿದ್ದೂ ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ. ಮುಂದಿನ ಬಸುರಿಗೆ ಮುಂಚೆ ವಂಶವಾಹಿ ಸಲಹೆ ಕೊಡುವ ಡಾಕ್ಟರನ್ನು ಕಾಣಿ ಅಂತ ಮಗುವಿನ ಅಪ್ಪನಿಗೆ ಆಮೇಲೊಂದು ದಿನ ಹೇಳಿದರಾಯಿತು.

ಅವಳೇ ಕೇಳಿದರೆ? ಕೇಳಿಯೇ ಕೇಳುತ್ತಾಳೆ. ಎಲ್ಲರೂ ಹೋದ ಮೇಲೆ, ದನಿ ತಗ್ಗಿಸಿ, "ನಾನೇನು ತಪ್ಪು ಮಾಡಿದೆ ಅಂತೀರಾ?" ಅಂತ. "ನೀನು ಮಾಡಿದ್ದರಿಂದ ಆಗಿದ್ದಲ್ಲಮ್ಮ" ಅಂತ ಅಡ್ಡಮಾತಿಲ್ಲದೆ ಹೇಳಿ. ಡೌನ್ ಸಿಂಡ್ರೋಮ್ ಆದರೆ, ಜೀವಕೋಶದಲ್ಲಿ ವಂಶವಾಹಿ ಹೊತ್ತ ಎಳೆಗಳಿರುತ್ತವೆ, ಅವೇ ಕ್ರೋಮೋಸೋಮು; ಅವುಗಳಲ್ಲಿ 21ನೆಯದು ಎರಡಿರುವ ಕಡೆ ಮೂರು ಬಂದಿರುತ್ತದೆ. 1959ರಲ್ಲಿ ಪ್ಯಾರಿಸ್ಸಿನ ಲೆಜೂನ್ ಮತ್ತವರ ಜೊತೆಯವರು ಇದನ್ನು ಪ್ರಕಟಿಸುವ ತನಕ ಡಾಕ್ಟರುಗಳಿಗೂ ಕಾರಣ ತಿಳಿದಿರಲಿಲ್ಲ. ಅವಳು ತಿಂದ ಪರಂಗಿಹಣ್ಣಿಗೂ ಇದಕ್ಕೂ ಸಂಬಂಧವೇ ಇಲ್ಲ.

ನಾನು ಮಾಡಿದ್ದು

ಇದನ್ನು ಬರೆಯದೆ ಮುಂದಕ್ಕೆ ಹೋದರೆ ಉಳಿದದ್ದೆಲ್ಲ ಬರೀ ಉಪದೇಶವಾಗುತ್ತದೆ.

1989, ಮಳೆಗಾಲ. ಟಾರು ರಸ್ತೆಯಿಂದ ನಾಲ್ಕು ಮೈಲಿ ಒಳಗಿನ ಹಳ್ಳಿ. ಊರ ಸೂಲಗಿತ್ತಿ ದೊಡ್ಡಮ್ಮ ಹೆರಿಗೆ ಮುಗಿಸಿ ಆಗಿತ್ತು; ಹೊಸ ಬ್ಲೇಡು, ಕುದಿಸಿದ ದಾರ, ಎಲ್ಲ ನಾನು ಹೇಳಿಕೊಟ್ಟ ಹಾಗೇ. ಮಗುವನ್ನು ಮೊರದಲ್ಲಿ ಮಲಗಿಸಿದ್ದರು. ಹೆಣ್ಣು. ಲಾಟೀನು ಹತ್ತಿರ ಹಿಡಿದು ಮಗ್ಗುಲು ಹೊರಳಿಸಿದೆ. ಸೊಂಟದ ಮೇಲ್ಗಡೆ ನಡುಬೆನ್ನಿನಲ್ಲಿ ನಿಂಬೆಹಣ್ಣಿನ ಗಾತ್ರದ, ತೆಳ್ಳಗೆ ನೀರು ತುಂಬಿದ ಗುಳ್ಳೆ, ಸುತ್ತ ಕೆಂಪು. ಕಾಲು ಆಡಿಸುತ್ತಿರಲಿಲ್ಲ. ಅಳು ಮಾತ್ರ ಜೋರಾಗಿತ್ತು. ತಾಯಿ ಎದೆಗೆ ಹಾಕಿಕೊಳ್ಳಲು ಕೈ ಚಾಚಿದಾಗ ಅವಳ ಅತ್ತೆ ಅಂದಳು, "ಹಾಲು ಕೊಡಬೇಡ. ಕೊಟ್ಟರೆ ಕೈ ಬಿಡೋದು ಕಷ್ಟ ಆಗ್ತದೆ."

ನನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಒದ್ದೆ ಮಾಡಿದ ಶುಭ್ರ ಬಟ್ಟೆ ಮುಚ್ಚಿ, ಬೋರಲು ಮಲಗಿಸಿ, ದೊಡ್ಡಾಸ್ಪತ್ರೆಗೆ ಕಳಿಸು. ಬಟ್ಟೆ ಮುಚ್ಚಿದೆ. ಆಸ್ಪತ್ರೆಗೆ ಗಾಡಿ, ಆಮೇಲೆ ಎರಡು ಬಸ್ಸು, ಮಳೆ. ಆ ಅತ್ತೆಯ ಮುಖ ನೋಡಿ "ನೋಡೋಣ, ದೇವರಿದ್ದಾನೆ" ಅಂದು ಎದ್ದು ಬಂದೆ. ಮೂರನೇ ದಿನ ಹೋದಾಗ ಬೇಲಿಯ ಮೇಲೆ ತೊಟ್ಟಿಲ ಬಟ್ಟೆ ಒಗೆದು ಹಾಕಿದ್ದರು. ರಿಜಿಸ್ಟರಿನಲ್ಲಿ ಹುಟ್ಟು, ಸಾವು ಎರಡನ್ನೂ ಒಂದೇ ಸಲಕ್ಕೆ ತುಂಬಿದೆ. ಕಾರಣದ ಕಾಲಮ್ಮಿನಲ್ಲಿ "ಹುಟ್ಟಿನಿಂದ ದುರ್ಬಲ" ಅಂತ ಬರೆದೆ. ದುರ್ಬಲವಾಗಿದ್ದದ್ದು ಆ ಮಗು ಅಲ್ಲ.

ಈ ತಪ್ಪನ್ನು ಸೂಲಗಿತ್ತಿಯರ ತಲೆಗೆ ಕಟ್ಟುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯದೇ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದರು. ದೊಡ್ಡಮ್ಮನಂಥವರ ಕೈಯಲ್ಲಿ ಬ್ಲೇಡಿತ್ತು, ಬಿಸಿನೀರಿತ್ತು. ಮುಂದೆ ಎಲ್ಲಿಗೆ ಕಳಿಸಬೇಕು ಅನ್ನೋ ದಾರಿ ಇರಲಿಲ್ಲ, ಅಷ್ಟೇ. ದಾರಿ ಗೊತ್ತಿದ್ದವಳು ನಾನು.

ಆ ಮಗು ಹೋದ ಎರಡೇ ವರ್ಷಕ್ಕೆ, 1991ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನ ಹೊರಬಂತು. ಇಂಥ ಮಗು ಒಮ್ಮೆ ಹುಟ್ಟಿದ ತಾಯಂದಿರು ಬಸುರಿಗೆ ಮುಂಚಿನಿಂದಲೇ ಫೋಲಿಕ್ ಆಸಿಡ್ ತೆಗೆದುಕೊಂಡರೆ ಮತ್ತೆ ಹಾಗಾಗುವುದು ಮುಕ್ಕಾಲು ಪಾಲಿನಷ್ಟು ತಪ್ಪುತ್ತದೆ ಅಂತ ಅದರಿಂದ ತಿಳಿಯಿತು. ಇದನ್ನು ಹೇಳಿದ ಕೂಡಲೇ ಕೆಲವರು ಬಾಣಂತಿಯ ಕಡೆ ತಿರುಗಿ "ಮಾತ್ರೆ ನುಂಗಲಿಲ್ವಾ?" ಅನ್ನುತ್ತಾರೆ. ಸ್ವಲ್ಪ ತಡೆಯಿರಿ. ಬೆನ್ನುಹುರಿಯ ಕೊಳವೆ ಸರಿಯಾಗಿ ಮುಚ್ಚದಿದ್ದರೆ ಬೆನ್ನಿನಲ್ಲಿ ಇಂಥ ಗುಳ್ಳೆ ಬರುತ್ತದೆ, ಅದು ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ಆ ಹೊತ್ತಿಗೆ ಮುಟ್ಟು ನಿಂತಿದೆಯೋ ಇಲ್ಲವೋ ಅಂತಲೇ ಅವಳಿಗೆ ಖಚಿತವಿರುವುದಿಲ್ಲ. ತಾಯಿ ಕಾರ್ಡು ಮಾಡಿಸಿದ ಮೇಲೆ ಕೊಡುವ ಮಾತ್ರೆ ಇದಕ್ಕೆ ತಡವೇ. ಮಾತ್ರೆಯ ಬುದ್ಧಿಯನ್ನು ಮದುವೆ ಗೊತ್ತಾದ ಹುಡುಗಿಯರಿಗೆ ಹೇಳಿ: ದಿನಕ್ಕೆ 400 ಮೈಕ್ರೋಗ್ರಾಂ, ಬಸುರಾಗುವ ಮುಂಚಿನಿಂದ ಮೂರು ತಿಂಗಳು ತುಂಬುವ ತನಕ. ಇಂಥ ಮಗು ಒಮ್ಮೆ ಆಗಿದ್ದವರಿಗೆ ಇದರ ಹತ್ತರಷ್ಟು ಬೇಕು, ಅದನ್ನು ಡಾಕ್ಟರೇ ಬರೆದುಕೊಡಬೇಕು.

ಕೇಳಬೇಕಾದ್ದು: ಯಾವಾಗ?

ಯಾಕೆ ಅನ್ನೋದನ್ನು ಬಿಟ್ಟು ಯಾವಾಗ ಅಂತ ಕೇಳೋದನ್ನು ಕಲಿಯಲು ನನಗೆ ಅರ್ಧ ಸರ್ವೀಸು ಹಿಡಿಯಿತು. ಮೊದಲ ವಾರ ಏನಾಗಬೇಕು, ಮೂರನೇ ತಿಂಗಳಿಗೆ ಎಲ್ಲಿಗೆ ಹೋಗಬೇಕು ಅನ್ನೋದೇ ಈಗ ನಿಮ್ಮ ಮಾತಾಗಿರಲಿ.

ಮೊದಲು, ಮೊದಲ ವಾರದ ಎರಡು ಪರೀಕ್ಷೆ ಆಗಿವೆಯಾ ಅಂತ ವಿಚಾರಿಸಿ. ಒಂದು, ಹಿಮ್ಮಡಿಯಿಂದ ರಕ್ತ ತೆಗೆದು ಥೈರಾಯ್ಡ್ ನೋಡುವುದು. ಹುಟ್ಟಿನಿಂದಲೇ ಥೈರಾಯ್ಡ್ ಕಮ್ಮಿ ಇರುವ ಮಗುವಿಗೆ ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಸಾಮಾನ್ಯವಾಗಿ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಹೋದದ್ದು ವಾಪಸು ಬರುವುದಿಲ್ಲ. ಹಿಂದೆ ಊರಿಗೊಬ್ಬರಂತೆ "ಪೆದ್ದ" ಅಂತ ಕರೆಸಿಕೊಂಡು ಕುರಿ ಕಾಯುತ್ತಿದ್ದರಲ್ಲ, ಅವರಲ್ಲಿ ಎಷ್ಟು ಜನಕ್ಕೆ ದಿನಕ್ಕೊಂದು ಸಣ್ಣ ಮಾತ್ರೆ ಸಾಕಾಗುತ್ತಿತ್ತೋ ಅಂತ ಈಗಲೂ ಯೋಚಿಸುತ್ತೇನೆ.

ಇನ್ನೊಂದು ಕಿವಿ ಪರೀಕ್ಷೆ. ಮಲಗಿದ ಮಗುವಿನ ಕಿವಿಗೆ ಸಣ್ಣ ಬಿರಡೆ ಇಟ್ಟು ನೋಡುತ್ತಾರೆ, ನೋವಿಲ್ಲ. ಒಂದು ತಿಂಗಳೊಳಗೆ ಈ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಮಾಡಿಕೊಳ್ಳುವುದು, ಆರು ತಿಂಗಳೊಳಗೆ ಕಿವಿಯ ಮಿಷನ್ನು ಮತ್ತು ತರಬೇತಿ ಶುರು. ಮನೆಯಲ್ಲಿ ಸ್ಟೀಲ್ ತಟ್ಟೆ ಬಡಿದು "ತಿರುಗಿ ನೋಡ್ತು, ಕೇಳಿಸ್ತದೆ" ಅನ್ನಬೇಡಿ. ಮಗು ನಿಮ್ಮ ಕೈಯ ನೆರಳಿಗೂ ತಿರುಗುತ್ತದೆ. "ಅವರಪ್ಪಾನೂ ಮೂರು ವರ್ಷಕ್ಕೆ ಮಾತಾಡಿದ್ದು" ಅನ್ನೋ ಒಂದು ಮಾತಿನಿಂದ ಹಾಳಾದಷ್ಟು ಮಕ್ಕಳು ಗ್ರಹಣದಿಂದ ಹಾಳಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ. ನಮ್ಮ ಕಡೆಯವರು ದಸರಾ ನೋಡಲು ಮೈಸೂರಿಗೆ ಹೋಗುತ್ತಾರೆ, ಮಗುವಿನ ಕಿವಿ ತೋರಿಸಲು ಮಾತ್ರ ಮೂರು ವರ್ಷ ಕಾಯುತ್ತಾರೆ.

ಡೌನ್ ಸಿಂಡ್ರೋಮ್ ಆದರೆ ಹೃದಯದ ಎಕೋ, ಅಂದರೆ ಹೃದಯದ ಸ್ಕ್ಯಾನು, ಆಗಿದೆಯಾ ಕೇಳಿ. ಅಂಥ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟಕ್ಕೆ ಹೃದಯದ ತೊಂದರೆ ಇರುತ್ತದೆ, ಹೊರಗೆ ಕಾಣುವುದಿಲ್ಲ. ಹಾಲು ನಿಧಾನ ಕುಡಿಯುತ್ತವೆ, ಅವಸರ ಬೇಡ.

ಪಾದ ಒಳಕ್ಕೆ ತಿರುಗಿದ್ದರೆ ಅದಕ್ಕೆ ಕ್ಲಬ್ ಫೂಟ್ ಅನ್ನುತ್ತಾರೆ. ಹರಳೆಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತೆ ಅಂತ ಅಜ್ಜಿಯರು ಹೇಳುತ್ತಾರೆ, ಹೋಗುವುದಿಲ್ಲ. ಅಮೆರಿಕದ ಅಯೋವಾದಲ್ಲಿದ್ದ ಪೊನ್ಸೆಟಿ ಅನ್ನೋ ಡಾಕ್ಟರು ಕಂಡುಕೊಂಡ ದಾರಿ ಈಗ ಎಲ್ಲ ಕಡೆ ನಡೆಯುತ್ತಿದೆ. ವಾರಕ್ಕೊಂದು ಪ್ಲಾಸ್ಟರು, ಪ್ರತಿ ಸಲ ಪಾದವನ್ನು ಒಂದಿಷ್ಟು ಹೊರಕ್ಕೆ ತಂದು ಸುತ್ತುತ್ತಾರೆ. ಐದಾರು ಪ್ಲಾಸ್ಟರಾದ ಮೇಲೆ ಹಿಮ್ಮಡಿಯ ಹಿಂದಿನ ನರದಂಥ ಕಟ್ಟನ್ನು ಸಣ್ಣಗೆ ಕತ್ತರಿಸಿ, ಮೂರು ವಾರಕ್ಕೆ ಕೊನೆಯ ಪ್ಲಾಸ್ಟರು. ಪ್ಲಾಸ್ಟರು ಸುತ್ತುವಾಗ ಮಗುವಿಗೆ ಹಾಲು ಕುಡಿಸುತ್ತಿದ್ದರೆ ಕಾಲು ಸಡಿಲ ಬಿಡುತ್ತದೆ, ಡಾಕ್ಟರಿಗೂ ಸಲೀಸು. ಮನೆಗೆ ಬಂದ ಮೇಲೆ ಬೆರಳು ನೋಡುತ್ತಿರಿ. ಗುಲಾಬಿ ಬಣ್ಣವಿದ್ದರೆ ಸರಿ. ನೀಲಿಯಾದರೆ, ಊದಿದರೆ, ಬೆರಳು ಒಳಗೆ ಜಾರಿಹೋದರೆ ಅವತ್ತೇ ವಾಪಸು ಹೋಗಿ.

ಪ್ಲಾಸ್ಟರು ಮುಗಿಯಿತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ನಡುವೆ ಕಬ್ಬಿಣದ ಪಟ್ಟಿ ಇರುವ ಜೋಡಿ ಶೂ ಕೊಡುತ್ತಾರೆ. ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ರಾತ್ರಿ ಮಲಗುವಾಗ, ನಾಲ್ಕೈದು ವರ್ಷದ ತನಕ. ನನ್ನ ತಂಗಿಯ ಮೊಮ್ಮಗನಿಗೇ ಆದದ್ದು ಹೇಳುತ್ತೇನೆ. ನಾಮಕರಣದ ದಿನ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಶೂ ಬಿಚ್ಚಿದರು. ನೆಂಟರು ಇರೋ ತನಕ ಬೇಡ ಅಂತ ಬೀರುವಿನ ಮೇಲಿಟ್ಟರು. ನೆಂಟರು ಹೋದರು, ಜಾತ್ರೆ ಬಂತು, ಮಗು ಅಳುತ್ತೆ ಅಂತ ಹಾಗೇ ಬಿಟ್ಟರು. ನಾನು ಹೋಗಿ ನೋಡುವಾಗ ಬಲಪಾದ ಮತ್ತೆ ಒಳಕ್ಕೆ ಬಾಗಿತ್ತು. ಪ್ಲಾಸ್ಟರು ಮೊದಲಿನಿಂದ. ನೀವು ನಾಮಕರಣಕ್ಕೆ ಹೋದರೆ ಶೂ ಹಾಕಿಕೊಂಡಿರುವ ಮಗುವಿನ ಜೊತೆಯೇ ಫೋಟೋ ತೆಗೆಸಿಕೊಳ್ಳಿ.

ಇದನ್ನೆಲ್ಲ ಎಲ್ಲಿ ಮಾಡಿಸೋದು ಅಂದರೆ, ಆಶಾ ಕಾರ್ಯಕರ್ತೆಯನ್ನು ಹಿಡಿಯಿರಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಅವಳು 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಹುಟ್ಟುದೋಷವಿರುವ ಮಕ್ಕಳಿಗಾಗಿ 2013ರಿಂದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ) ಇದೆ. ಅದರ ತಂಡಕ್ಕೆ ಹೇಳಿಸಿ, ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿಗೆ ಅವರು ನೆರವಾಗುತ್ತಾರೆ. 1995ರ ಕಾನೂನಿನಲ್ಲಿ ಏಳು ಬಗೆಯ ವೈಕಲ್ಯ ಮಾತ್ರ ಲೆಕ್ಕಕ್ಕಿತ್ತು, 2016ರದ್ದರಲ್ಲಿ 21 ಇವೆ. ಹಿಂದೊಮ್ಮೆ "ನಿಮ್ಮದು ಬರಲ್ಲ" ಅನ್ನಿಸಿಕೊಂಡು ವಾಪಸು ಬಂದವರಿಗೂ ಮತ್ತೆ ಕೇಳಲು ಹೇಳಿ.

ಅಜ್ಜಿಗೊಂದು ಕೆಲಸ ಕೊಡಿ

ಹಳೇ ಕಾಲದವರನ್ನು ಬೈದು ಮೂಲೆಗೆ ಕೂರಿಸುವುದು ಸುಲಭ. ಬೈಯಬೇಕಾದ್ದು ಇಲ್ಲವೆಂದಲ್ಲ. ಸೂತಕವೆಂದು ಬಾಣಂತಿ ಮಗು ಇಬ್ಬರನ್ನೂ ಊರಾಚೆ ಗುಡಿಸಲಲ್ಲಿ ಇಡುವುದು ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಪೂರಾ ನಿಂತಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನಲ್ಲಿ ಹಾಗಿಟ್ಟ ಹಸುಗೂಸೊಂದು ತೀರಿಕೊಂಡದ್ದು ಪೇಪರಿನಲ್ಲೂ ಬಂತು. ಅದಕ್ಕೆ ಕ್ಷಮೆಯಿಲ್ಲ. ಆದರೆ ಮನೆಯೊಳಗಿನ ಅಜ್ಜಿಯನ್ನು ಎದುರು ಹಾಕಿಕೊಂಡರೆ ಮಗುವಿಗೆ ಹಾಲು ಕುಡಿಸುವ ಎರಡು ಕೈ ಕಮ್ಮಿಯಾಗುತ್ತವೆ.

2012ರಲ್ಲಿ ಒಂದು ಮನೆ. ತುಟಿ, ಬಾಯಿಯ ಅಂಗುಳ ಎರಡೂ ಸೀಳಿದ ಗಂಡುಮಗು. ಎದೆ ಚೀಪಲು ಆಗುತ್ತಿರಲಿಲ್ಲ, ಹಾಲೆಲ್ಲ ಮೂಗಿನಲ್ಲಿ ಬರುತ್ತಿತ್ತು. ಅಜ್ಜಿ ಮೂರು ದಿನದಿಂದ ಗ್ರಹಣದ ಪುರಾಣವನ್ನೇ ಓದುತ್ತಿದ್ದಳು. ನಾನು ಚೀಲದಿಂದ ಆಸ್ಪತ್ರೆಯವರು ಕೊಟ್ಟಿದ್ದ ಪಲಾಡೈ ತೆಗೆದೆ. ಸಣ್ಣ ಮೂತಿಯಿರುವ ಬಟ್ಟಲು. ಹಾಲು ಕರೆದು ಇದರಲ್ಲಿ ಹಾಕಿ, ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಕೆನ್ನೆಯ ಕಡೆಯಿಂದ ತೊಟ್ಟು ತೊಟ್ಟಾಗಿ ಬಿಡಬೇಕು, ನಡುನಡುವೆ ತೇಗಿಸಬೇಕು ಅಂತ ತೋರಿಸುತ್ತಿದ್ದೆ. ಅಜ್ಜಿ ಪುರಾಣ ನಿಲ್ಲಿಸಿ ನನ್ನ ಕೈಯನ್ನೇ ನೋಡಿದಳು. "ಇದು ಒಳಲೆ ಅಲ್ವಾ!" ಅಂದವಳೇ ಒಳಗೆ ಹೋಗಿ, ಟ್ರಂಕಿನ ತಳದಿಂದ ಕಪ್ಪಿಟ್ಟ ಬೆಳ್ಳಿ ಒಳಲೆ ತಂದಳು. ಅವಳ ಮಕ್ಕಳೆಲ್ಲ ಅದರಲ್ಲೇ ಹಾಲು ಕುಡಿದವರಂತೆ. ಹುಣಸೆಹಣ್ಣಿನಲ್ಲಿ ತಿಕ್ಕಿ, ಕುದಿಸಿ ತಂದು, ನನಗಿಂತ ಚೆನ್ನಾಗಿ ಕುಡಿಸಿದಳು. ಒಂದು ತೊಟ್ಟೂ ಮೂಗಿಗೆ ಹೋಗಲಿಲ್ಲ. ಎರಡು ಗಂಟೆಗೊಂದು ಸಲ, ರಾತ್ರಿಯೂ ಎದ್ದು. ತುಟಿಯ ಆಪರೇಷನ್ನಿಗೆ ಸುಮಾರು ಹತ್ತು ವಾರ ವಯಸ್ಸು, ಹತ್ತು ಪೌಂಡು ಅಂದರೆ ನಾಲ್ಕೂವರೆ ಕೆಜಿ ತೂಕ, ಹತ್ತು ಗ್ರಾಂ ಹಿಮೋಗ್ಲೋಬಿನ್ ಆಗಬೇಕು ಅನ್ನೋದು ಹಳೇ ಲೆಕ್ಕ. ಆ ಅಜ್ಜಿ ನಾಲ್ಕನೇ ತಿಂಗಳಿಗೆ ಐದು ಕೆಜಿ ದಾಟಿಸಿದಳು. ಗ್ರಹಣವನ್ನೇನೂ ಬಿಟ್ಟುಕೊಡಲಿಲ್ಲ. "ಗ್ರಹಣಾನೇ ಕಣಮ್ಮ. ಆದ್ರೆ ಹೊಟ್ಟೆಗೇನು ಗ್ರಹಣ ಹಿಡಿದಿಲ್ವಲ್ಲ" ಅಂದಳು.

ಹೊರಡುವಾಗ

ಅಂಗವಿಕಲ, ವಿಕಲಚೇತನ, ದಿವ್ಯಾಂಗ, ಯಾವ ಪದ ಬಳಸಲಿ ಅಂತ ಕೆಲವರು ಒದ್ದಾಡುತ್ತಾರೆ. ಅರ್ಜಿಯಲ್ಲಿ ಏನಿದೆಯೋ ಅದನ್ನು ಬರೆಯಿರಿ, ಮನೆಯಲ್ಲಿ ಮಗುವಿನ ಹೆಸರು ಹಿಡಿದು ಕರೆಯಿರಿ. ಹೆಸರಿಟ್ಟಿಲ್ಲದಿದ್ದರೆ ಪುಟ್ಟ, ಪುಟ್ಟಿ. "ದೇವರು ನಿನ್ನನ್ನೇ ಆರಿಸಿ ಕೊಟ್ಟಿದ್ದಾನೆ" ಅಂತ ಮಾತ್ರ ಹೇಳಿ ಬರಬೇಡಿ. ಈಗೀಗ ಇದು ಬಹಳ ಚಾಲ್ತಿಯಲ್ಲಿದೆ. ನಿದ್ದೆಗೆಟ್ಟು ಕಣ್ಣು ಕೆಂಪಾದವಳಿಗೆ ಇನ್ನೊಂದು ಹೊರೆ ಅದು. ಎರಡು ವಾರ ಕಳೆದರೂ ಅವಳು ಅಳುತ್ತಲೇ ಇದ್ದರೆ, ಊಟ ಬಿಟ್ಟರೆ, ಮಗುವಿನ ಮುಖ ನೋಡದಿದ್ದರೆ, ಡಾಕ್ಟರಿಗೆ ತೋರಿಸಬೇಕು ಅಂತ ಗಂಡನಿಗೆ ಹೇಳಿ.

ಕುಂಕುಮ ಇಡಿಸಿಕೊಂಡು ಏಳುವಾಗ ಮುಂದಿನ ಪ್ಲಾಸ್ಟರು ಯಾವ ವಾರ ಅಂತ ಕೇಳಿ, ಅವತ್ತು ಜೊತೆಗೆ ಬರುತ್ತೇನೆ ಅನ್ನಿ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜಿನ ನೆಪವೂ ಇಲ್ಲ, ಆಧಾರ್ ಕಾರ್ಡು ಚೀಲದಲ್ಲಿರಲಿ. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಒಂಬತ್ತರ ಮೇಲೆ ಓಪಿಡಿ ಚೀಟಿಗೆ ಸಾಲು ಬೆಳೆಯುತ್ತದೆ. ಹಳೇ ಪ್ಲಾಸ್ಟರನ್ನು ಹಿಂದಿನ ರಾತ್ರಿಯೇ ನೆನೆಸಿ ಬಿಚ್ಚಬೇಕೋ, ಅವರೇ ಅಲ್ಲಿ ಬಿಚ್ಚುತ್ತಾರೋ ಕೇಳಿಕೊಂಡಿರಿ. ಬಸ್ಸಿನಲ್ಲಿ ಇಬ್ಬರು ಕೂರುವ ಸೀಟು ಹಿಡಿದು, ತಾಯಿಯನ್ನು ಕಿಟಕಿ ಕಡೆ ಕೂರಿಸಿ ನೀವು ಈಚೆ ಕೂರಿ. ಮಗುವಿನ ಪ್ಲಾಸ್ಟರು ಕಾಲು ನಿಮ್ಮ ತೊಡೆಯ ಮೇಲೆ ಬರುತ್ತದೆ. ಒಂದು ಹಳೇ ಟವಲು ಹಾಸಿಕೊಳ್ಳಿ, ಸೀರೆಗೆ ಸುಣ್ಣದ ಪುಡಿ ಉದುರುತ್ತದೆ.